ನನ್ನ ಅನುಭವ: ಎಂಜಿನ್‌ಎಕ್ಸ್ ಒಳಗೆ ಓಡುವ ಸ್ಕ್ರಿಪ್ಟ್‌ಗಳಲ್ಲಿ ತಪ್ಪು ಹುಡುಕುವುದು

ವೆಬ್ ಸರ್ವರ್ ಒಳಗೇ ಓಡುವ ಸ್ಕ್ರಿಪ್ಟ್ ಕೆಟ್ಟರೆ ಹೆಚ್ಚಿನವರು ಮೊದಲು ಸ್ಕ್ರಿಪ್ಟ್ ತೆರೆದು ಸಾಲು ಸಾಲಾಗಿ ಓದಲು ಕೂರುತ್ತಾರೆ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಓದಿದರೆ ಸಾಲುಗಳೆಲ್ಲ ಸರಿಯಾಗೇ ಕಾಣುತ್ತವೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಉತ್ತರವೂ ಸರಿ ಬರುತ್ತದೆ. ಸ್ಕ್ರಿಪ್ಟ್ ಕೆಟ್ಟ ಹೊತ್ತಿಗೆ ಸರ್ವರ್ ಏನು ಮಾಡುತ್ತಿತ್ತು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ನಾನು ನೋಡಿಕೊಳ್ಳುವುದು ಒಂದು ಕನ್ನಡ ಸುದ್ದಿ ತಾಣದ ಸರ್ವರ್‌ಗಳನ್ನು. ಎಲ್ಲದಕ್ಕೂ ಮುಂದೆ ಎಂಜಿನ್‌ಎಕ್ಸ್ (Nginx) ಎಂಬ ವೆಬ್ ಸರ್ವರ್ ಕೂತಿದೆ. ಅದರೊಳಗೆ ಲುವಾ ಸ್ಕ್ರಿಪ್ಟ್‌ಗಳು ಓಡುತ್ತವೆ. ಎರಡನ್ನೂ ಸೇರಿಸಿ ಕೊಡುವ ಓಪನ್‌ರೆಸ್ಟಿಯನ್ನು ಬಳಸುತ್ತೇವೆ. ಲಾಗಿನ್ ನೋಡುವುದು, ಹಳೆಯ ಲಿಂಕ್‌ಗಳನ್ನು ಹೊಸ ಪುಟಕ್ಕೆ ಕಳಿಸುವುದು, ಓದುಗರ ಪತ್ರ ತೆಗೆದುಕೊಳ್ಳುವುದು, ಎಲ್ಲ ಈ ಸ್ಕ್ರಿಪ್ಟ್‌ಗಳದೇ ಕೆಲಸ. ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಹುಟ್ಟಿದ ಪುಟ್ಟ ಭಾಷೆ. ಬೇರೆ ಪ್ರೋಗ್ರಾಮ್‌ಗಳ ಒಳಗೆ ಕೂರುವುದಕ್ಕೆ ಹೇಳಿ ಮಾಡಿಸಿದಂತಿದೆ.

ವೆಬ್ ಸರ್ವರ್ ಹೊರಗಿನ ಪ್ರೋಗ್ರಾಮ್ ಓಡಿಸುತ್ತಿದ್ದ ಹಳೆಯ ಸಿಜಿಐ ಕಾಲದಲ್ಲಿ ಬ್ರೌಸರ್‌ನಿಂದ ಬರುವ ಪ್ರತಿ ಕೋರಿಕೆಗೂ, ಅಂದರೆ ರಿಕ್ವೆಸ್ಟ್‌ಗೂ, ಒಂದು ಹೊಸ ಪ್ರೊಸೆಸ್ ಹುಟ್ಟುತ್ತಿತ್ತು, ಕೆಲಸ ಮುಗಿದ ಮೇಲೆ ಸಾಯುತ್ತಿತ್ತು. ನಿಧಾನ ನಿಜ, ಆದರೆ ಪ್ರತಿ ಸಲವೂ ಎಲ್ಲ ಹೊಸದು. ಎಂಜಿನ್‌ಎಕ್ಸ್‌ನಲ್ಲಿ ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳುವ ವರ್ಕರ್ ಪ್ರೊಸೆಸ್ ದಿನಗಟ್ಟಲೆ ಬದುಕಿರುತ್ತದೆ. ಒಂದು ವರ್ಕರ್‌ಗೆ ಒಂದೇ ಲುವಾ ಯಂತ್ರ (ಲುವಾ ಸ್ಕ್ರಿಪ್ಟ್‌ಗಳನ್ನು ಓಡಿಸುವ ಸಾಫ್ಟ್‌ವೇರ್). ಸಾವಿರಾರು ರಿಕ್ವೆಸ್ಟ್‌ಗಳು ಅದರೊಳಗೇ ಬಂದು ಹೋಗುತ್ತವೆ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಬಂದವು.

ಅದರಲ್ಲಿ ಅತಿ ಗಂಭೀರವಾದದ್ದು ಹೆಸರು ಬದಲಾಗುವ ತೊಂದರೆ. ಓದುಗರೊಬ್ಬರು ಫೋನ್ ಮಾಡಿದರು. "ಸರ್, ನಾನು ಲಾಗಿನ್ ಆಗಿದೀನಿ, ಆದ್ರೆ ಮೇಲ್ಗಡೆ ಬೇರೆ ಯಾರದೋ ಹೆಸರು ಬರ್ತಿದೆ." ಪುಟವನ್ನು ಮತ್ತೆ ತೆರೆದರೆ ಅವರ ಹೆಸರೇ ಬರುತ್ತಿತ್ತಂತೆ. ಇಂಥ ದೂರನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬಾರದು. ಇವತ್ತು ಹೆಸರು ಬದಲಾದರೆ ನಾಳೆ ಇನ್ನೊಬ್ಬರ ಖಾತೆಯೇ ತೆರೆದುಕೊಳ್ಳಬಹುದು.

ನಮ್ಮ ಪರೀಕ್ಷೆಯ ಯಂತ್ರದಲ್ಲಿ ಇದು ಒಮ್ಮೆಯೂ ಕಾಣಿಸಲಿಲ್ಲ. ಹಾಗಾದರೆ ಎರಡು ಯಂತ್ರಗಳ ನಡುವೆ ವ್ಯತ್ಯಾಸ ಏನಿದೆ? ಸೆಟ್ಟಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಪರೀಕ್ಷೆಯ ಯಂತ್ರದಲ್ಲಿ ಲುವಾ ಕೋಡ್ ಕ್ಯಾಶ್, ಅಂದರೆ ಒಮ್ಮೆ ಲೋಡ್ ಆದ ಕೋಡನ್ನು ಇಟ್ಟುಕೊಳ್ಳುವ ಸೆಟ್ಟಿಂಗ್, ಆಫ್ ಆಗಿತ್ತು. ಸ್ಕ್ರಿಪ್ಟ್ ತಿದ್ದಿದ ತಕ್ಷಣ ಫಲ ಕಾಣಲಿ ಎಂದು ಎಲ್ಲರೂ ಹಾಗೆ ಇಡುತ್ತಾರೆ. ಆದರೆ ಕ್ಯಾಶ್ ಆಫ್ ಆದರೆ ಪ್ರತಿ ರಿಕ್ವೆಸ್ಟ್‌ಗೂ ಬೇರೆ ಲುವಾ ಯಂತ್ರ ಸಿಗುತ್ತದೆ. ಹಿಂದಿನ ರಿಕ್ವೆಸ್ಟ್‌ನದು ಏನೂ ಉಳಿಯುವುದಿಲ್ಲ. ಅಂದರೆ ಈ ತಪ್ಪು ಅಲ್ಲಿ ಹುಟ್ಟುವುದಕ್ಕೇ ದಾರಿಯಿಲ್ಲ! ಕ್ಯಾಶ್ ಆನ್ ಮಾಡಿದೆ, ವರ್ಕರ್ ಸಂಖ್ಯೆಯನ್ನು ಒಂದಕ್ಕೆ ಇಳಿಸಿದೆ. ವರ್ಕರ್ ಒಂದೇ ಇದ್ದರೆ ಎಲ್ಲ ರಿಕ್ವೆಸ್ಟ್‌ಗಳೂ ಒಂದೇ ಕಡೆ ಬೀಳುತ್ತವೆ, ಘರ್ಷಣೆ ಬೇಗ ಕಾಣುತ್ತದೆ.

ಆಮೇಲೆ ಲಾಗ್. ಎಂಜಿನ್‌ಎಕ್ಸ್ ಪ್ರತಿ ರಿಕ್ವೆಸ್ಟ್‌ಗೂ ಒಂದು ಗುರುತಿನ ಸಂಖ್ಯೆ ಕೊಡಬಲ್ಲದು, ರಿಕ್ವೆಸ್ಟ್ ಐಡಿ. ಆ ಐಡಿ, ವರ್ಕರ್‌ನ ಪ್ರೊಸೆಸ್ ಸಂಖ್ಯೆ, ಆ ಕ್ಷಣದ ಬಳಕೆದಾರರ ಹೆಸರು, ಈ ಮೂರನ್ನೂ ಎರಡು ಕಡೆ ಬರೆಸಿದೆ: ಲಾಗಿನ್ ಆದವರ ವಿವರ (ಸೆಷನ್) ಇಟ್ಟಿರುವ ರೆಡಿಸ್ ಡೇಟಾಬೇಸ್‌ಗೆ ಅದನ್ನು ಕೇಳುವ ಮೊದಲು, ಉತ್ತರ ಬಂದ ಮೇಲೆ. ಕಾಯುವ ಸಮಯ ಹಿಗ್ಗಲಿ ಎಂದು ನಡುವೆ ಬೇಕಂತಲೇ ಎರಡು ಸೆಕೆಂಡಿನ ನಿದ್ದೆ ಹಾಕಿದೆ. ಎರಡು ಟರ್ಮಿನಲ್ ತೆರೆದು, ಎರಡು ಬೇರೆ ಕುಕಿ ಇಟ್ಟುಕೊಂಡು, ಟರ್ಮಿನಲ್‌ನಿಂದಲೇ ರಿಕ್ವೆಸ್ಟ್ ಕಳಿಸುವ ಕರ್ಲ್ ಕಮಾಂಡ್ ಅನ್ನು ಒಂದರ ಹಿಂದೆ ಒಂದು ಹೊಡೆದೆ. ಲಾಗ್‌ನಲ್ಲಿ ಒಂದೇ ಐಡಿಯ ಮುಂದೆ ಮೊದಲು ಒಂದು ಹೆಸರು, ಆಮೇಲೆ ಇನ್ನೊಂದು.

ಕಾರಣ ಇಷ್ಟೇ. ಲಾಗಿನ್ ನೋಡುವ ಮಾಡ್ಯೂಲ್‌ನ (ಲುವಾ ಫೈಲ್‌ನ) ತಲೆಯಲ್ಲೇ, ಫಂಕ್ಷನ್‌ಗಳ ಹೊರಗೆ, ಬಳಕೆದಾರರನ್ನು ಇಡುವ ವೇರಿಯಬಲ್ ಇತ್ತು. ಅದರ ಹೆಸರಿನ ಮುಂದೆ ಲೋಕಲ್ (ಇಷ್ಟರೊಳಗೆ ಮಾತ್ರ) ಅಂತ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಮಾಡ್ಯೂಲ್ ಒಂದು ಸಲ ಲೋಡ್ ಆದರೆ ವರ್ಕರ್ ಇರುವಷ್ಟು ಕಾಲ ಇರುತ್ತದೆ. ಆ ಲೋಕಲ್ ಇಡೀ ವರ್ಕರ್‌ಗೆ ಲೋಕಲ್, ರಿಕ್ವೆಸ್ಟ್‌ಗಲ್ಲ. ಒಂದು ರಿಕ್ವೆಸ್ಟ್ ರೆಡಿಸ್‌ನ ಉತ್ತರಕ್ಕೆ ಕಾಯುವಾಗ ಎಂಜಿನ್‌ಎಕ್ಸ್ ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತದೆ. ಆ ಮುಂದಿನದು ಅದೇ ಜಾಗದಲ್ಲಿ ತನ್ನ ಹೆಸರು ಬರೆಯುತ್ತದೆ. ಹಳೆಯದು ಎಚ್ಚರವಾಗಿ ನೋಡಿದರೆ ಅಲ್ಲಿ ಬೇರೆಯವರ ಹೆಸರು.

ವೇರಿಯಬಲ್ ಅನ್ನು ಫಂಕ್ಷನ್ ಒಳಗೆ ತಂದೆ. ಅದೇ ರಿಕ್ವೆಸ್ಟ್‌ನ ಬೇರೆ ಹಂತಗಳಿಗೂ ಬೇಕಾದದ್ದನ್ನು ರಿಕ್ವೆಸ್ಟ್‌ಗೆಂದೇ ಇರುವ ಸಿಟಿಎಕ್ಸ್ ಟೇಬಲ್‌ನಲ್ಲಿ ಇಟ್ಟೆ. ರಿಕ್ವೆಸ್ಟ್ ಅನ್ನು ಒಳಗಿಂದೊಳಗೆ ಬೇರೆ ಲೊಕೇಶನ್‌ಗೆ (ಕಾನ್ಫಿಗ್‌ನಲ್ಲಿ ಒಂದು ಬಗೆಯ ವಿಳಾಸಗಳಿಗೆಂದು ಬರೆದ ಭಾಗಕ್ಕೆ) ಹಾರಿಸಿದರೆ ಆ ಟೇಬಲ್ ಖಾಲಿಯಾಗುತ್ತದೆ, ಅದು ನೆನಪಿರಲಿ. ಮೌಲ್ಯ ಅಲ್ಲಿಗೂ ತಲುಪಬೇಕಾದರೆ ಬೇರೆ ದಾರಿಯಲ್ಲಿ ಸಾಗಿಸಬೇಕು.

ಹೊಸ ಸ್ಕ್ರಿಪ್ಟ್ ಹಿಡಿಯಲಿ ಎಂದು ಎಂಜಿನ್‌ಎಕ್ಸ್ ಅನ್ನು ರೀಲೋಡ್ ಮಾಡಿದೆ. ಆದರೂ ಇಬ್ಬರು ಓದುಗರಿಗೆ ಇನ್ನೂ ತಪ್ಪು ಹೆಸರು. ಈ ಸಲ ಸ್ಕ್ರಿಪ್ಟ್ ಸರಿಯಿತ್ತು. ಹಳೆಯ ಸ್ಕ್ರಿಪ್ಟ್ ತಪ್ಪು ಹೆಸರನ್ನು ಶೇರ್ಡ್ ಡಿಕ್ಷನರಿಯಲ್ಲಿ ಬರೆದಿಟ್ಟಿತ್ತು. ವರ್ಕರ್‌ಗಳೆಲ್ಲ ಹಂಚಿಕೊಳ್ಳುವ ಈ ಜಾಗ ರೀಲೋಡ್ ಆದರೂ ಅಳಿಸುವುದಿಲ್ಲ. ಅದನ್ನು ಖಾಲಿ ಮಾಡಬೇಕು, ಇಲ್ಲವೇ ಸರ್ವರ್ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಈಗ ಹಾಗೆ ಇಡುವ ಪ್ರತಿ ಮೌಲ್ಯಕ್ಕೂ ಅವಧಿ ಹಾಕಿದ್ದೇನೆ, ಕೀಲಿಯಲ್ಲಿ ಕೋಡ್‌ನ ಆವೃತ್ತಿ ಸೇರಿಸಿದ್ದೇನೆ.

ಇದೇ ಜಾತಿಯ ಇನ್ನೊಂದು ಅಂದರೆ ಲೋಕಲ್ ಬರೆಯಲು ಮರೆತು ಗ್ಲೋಬಲ್ (ಎಲ್ಲ ಕಡೆಗೂ ಕಾಣುವಂಥದ್ದು) ಆದ ವೇರಿಯಬಲ್‌ಗಳು. ಇವನ್ನು ಕಣ್ಣಿನಿಂದ ಹುಡುಕುವುದು ಬೇಡ. ಓಪನ್‌ರೆಸ್ಟಿಯಲ್ಲಿ ಲುವಾ ಓಡಿಸುವ ಲುವಾಜಿಟ್‌ಗೆ ಹೇಳಿದರೆ ಬೈಟ್‌ಕೋಡ್ (ಸ್ಕ್ರಿಪ್ಟ್‌ನಿಂದ ಅದು ಮಾಡಿಕೊಳ್ಳುವ ಒಳಗಿನ ಆದೇಶಗಳ) ಪಟ್ಟಿ ಕೊಡುತ್ತದೆ. ಅದರಲ್ಲಿ ಜಿಸೆಟ್ ಎಂದಿರುವ ಸಾಲುಗಳು ಗ್ಲೋಬಲ್‌ಗೆ ಬರೆಯುವಂಥವು. ಪದ ಹುಡುಕುವ ಗ್ರೆಪ್ ಕಮಾಂಡ್ ಒಂದು ಸಾಕು. ಈಚಿನ ಓಪನ್‌ರೆಸ್ಟಿ ತಾನೇ ಲಾಗ್‌ನಲ್ಲಿ ಎಚ್ಚರಿಕೆಯನ್ನೂ ಬರೆಯುತ್ತದೆ. ಇದೇ ಹಂತದಲ್ಲಿ ಸಿಂಟ್ಯಾಕ್ಸ್ ತಪ್ಪೂ ಸಿಕ್ಕಿಬೀಳುತ್ತದೆ. ಎಂಜಿನ್‌ಎಕ್ಸ್‌ನ ಕಾನ್ಫಿಗ್ ಪರೀಕ್ಷೆ ಹೊರಗಿನ ಫೈಲ್‌ನಲ್ಲಿರುವ ಲುವಾವನ್ನು ಓದಿ ನೋಡುವುದೇ ಇಲ್ಲ. ಅದು ಎಲ್ಲ ಸರಿ ಅನ್ನುತ್ತದೆ, ಮೊದಲ ರಿಕ್ವೆಸ್ಟ್‌ಗೆ 500 (ಸರ್ವರ್ ಒಳಗೆ ತಪ್ಪು ಎಂಬ ಉತ್ತರ) ಬರುತ್ತದೆ.

ಮುಂದಿನದು ಸೈಟ್ ಹೆಪ್ಪುಗಟ್ಟುವ ತೊಂದರೆ. ಆಗಾಗ ಕೆಲವು ಸೆಕೆಂಡು ಎಲ್ಲವೂ ನಿಲ್ಲುತ್ತಿತ್ತು. ಬರೀ ಚಿತ್ರ ಕೇಳಿದರೂ ಬರುತ್ತಿರಲಿಲ್ಲ. ಸಿಪಿಯು ನೋಡಿದರೆ ಆರಾಮಾಗಿತ್ತು. ಸ್ಕ್ರಿಪ್ಟ್‌ಗೆ ಸಂಬಂಧವೇ ಇಲ್ಲದ ಚಿತ್ರವೂ ನಿಂತಿತು ಅಂದಮೇಲೆ ವರ್ಕರೇ ಎಲ್ಲೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ ಅಲ್ವಾ? ಪ್ರೊಸೆಸ್ ಲಿನಕ್ಸ್‌ಗೆ ಏನೇನು ಕೇಳುತ್ತಿದೆ ಎಂದು ತೋರಿಸುವ ಸ್ಟ್ರೇಸ್ ಅನ್ನು ವರ್ಕರ್‌ನ ಪ್ರೊಸೆಸ್ ಸಂಖ್ಯೆಗೆ ಹಾಕಿ ಕೂತೆ. ಆರೋಗ್ಯವಾಗಿರುವ ವರ್ಕರ್ ಮತ್ತೆ ಮತ್ತೆ ಈಪೋಲ್ ವೇಟ್‌ಗೆ, ಅಂದರೆ ಎಲ್ಲ ಸಂಪರ್ಕಗಳ ಮೇಲೂ ಒಟ್ಟಿಗೆ ಕಣ್ಣಿಡುವ ಜಾಗಕ್ಕೆ, ಮರಳುತ್ತಿರುತ್ತದೆ. ಇದು ಹೊರಗಿನ ಒಂದೇ ವಿಳಾಸಕ್ಕೆ ಕನೆಕ್ಟ್ ಮಾಡಿ, ಆ ಒಂದೇ ಸಾಕೆಟ್ (ಸಂಪರ್ಕ) ಮೇಲೆ ಕಾಯುತ್ತಾ ನಿಂತಿತ್ತು. ಒಟಿಪಿ ಕಳಿಸುವ ಸ್ಕ್ರಿಪ್ಟ್ ಮಾಮೂಲಿ ಲುವಾಸಾಕೆಟ್ ಲೈಬ್ರರಿ ಬಳಸಿತ್ತು. ಆ ಲೈಬ್ರರಿಗೆ ಎಂಜಿನ್‌ಎಕ್ಸ್ ಇದೆ ಅನ್ನುವುದೇ ಗೊತ್ತಿಲ್ಲ. ಉತ್ತರ ಬರುವವರೆಗೆ ಇಡೀ ವರ್ಕರ್ ಅನ್ನು ಹಿಡಿದಿಡುತ್ತದೆ. ಒಬ್ಬರ ಒಟಿಪಿಗಾಗಿ ನೂರಾರು ಜನ ಕಾಯಬೇಕು. ಹೊರಗಿನ ಕಮಾಂಡ್ ಓಡಿಸುವ ಸಾಲುಗಳಿಗೂ ಇದೇ ಮಾತು.

ಅದನ್ನು ವರ್ಕರ್ ಅನ್ನು ತಡೆಯದೆ ಕಾಯುವ, ಓಪನ್‌ರೆಸ್ಟಿಯದೇ ಕೋಸಾಕೆಟ್ ಮೇಲೆ ಕಟ್ಟಿದ ಲೈಬ್ರರಿಗೆ ಬದಲಿಸಿದೆ. ತಕ್ಷಣ ಹೊಸ ಎರರ್: ರಿಸಾಲ್ವರ್ (ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವುದು) ಇಲ್ಲ. ಅದೇ ಯಂತ್ರದಲ್ಲಿ ಕರ್ಲ್ ಹೊಡೆದರೆ ವಿಳಾಸ ಸಿಗುತ್ತದೆ, ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಕೋಸಾಕೆಟ್ ಹೆಸರು ಹುಡುಕುವುದು ಎಂಜಿನ್‌ಎಕ್ಸ್‌ನ ರಿಸಾಲ್ವರ್ ಮೂಲಕ. ಹೆಸರು-ವಿಳಾಸಗಳ ಪಟ್ಟಿಯಾದ ಲಿನಕ್ಸ್‌ನ ಹೋಸ್ಟ್ಸ್ ಫೈಲ್ ಅನ್ನು ಅದು ನೋಡುವುದಿಲ್ಲ. ಕಾನ್ಫಿಗ್‌ನಲ್ಲಿ ರಿಸಾಲ್ವರ್ ವಿಳಾಸ ಕೊಟ್ಟ ಮೇಲೆ ಸರಿಹೋಯಿತು. ಟೈಮ್‌ಔಟ್ ಸುಮ್ನೆ ಬಿಟ್ಟರೆ 60 ಸೆಕೆಂಡು ಇರುತ್ತದೆ. ಒಟಿಪಿಗೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, 3 ಸೆಕೆಂಡಿಗೆ ಇಳಿಸಿದೆ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಓದುಗರ ಪತ್ರಗಳ ವಿಷಯ. ಸಂಪಾದಕೀಯ ವಿಭಾಗದ ಮೇಡಂ ಹೇಳಿದರು, "ಉದ್ದ ಪತ್ರ ಬರೆಯೋ ಹಿರಿಯರು ಈಗ ಬರೀತಾನೇ ಇಲ್ಲ ನೋಡಿ." ಅವರು ಬರೆಯುತ್ತಲೇ ಇದ್ದರು. ಪತ್ರ ತಲುಪಿದೆ, ಧನ್ಯವಾದ ಎಂಬ ಪುಟವೂ ಅವರಿಗೆ ಕಾಣುತ್ತಿತ್ತು. ನಮ್ಮ ಕಡೆ ಮಾತ್ರ ಏನೂ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಬಂದ ಅಷ್ಟೇ ಉದ್ದದ ಪತ್ರಗಳು ಸರಿಯಾಗಿ ಸೇರಿದ್ದವು.

ಕನ್ನಡಕ್ಕೆ ಮಾತ್ರ ತೊಂದರೆ ಅಂದರೆ ಎಲ್ಲರ ಮೊದಲ ಗುಮಾನಿ ಯೂನಿಕೋಡ್ ಮೇಲೆ, ಫಾಂಟ್ ಮೇಲೆ. ನಾನು ಆ ಫಾರ್ಮ್‌ನ ಆಕ್ಸೆಸ್ ಲಾಗ್‌ಗೆ ರಿಕ್ವೆಸ್ಟ್‌ನ ಉದ್ದವನ್ನು ಸೇರಿಸಿದೆ. ಕಳೆದುಹೋದವೆಲ್ಲ ಒಂದು ಅಳತೆಗಿಂತ ಮೇಲಿದ್ದವು. ಭಾಷೆ ಕಾರಣವಲ್ಲ, ಗಾತ್ರ.

ಲೆಕ್ಕ ನೋಡಿ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಅಕ್ಷರ, ಕಾಗುಣಿತದ ಗುರುತು, ವಿರಾಮ) 3 ಬೈಟ್. ಮಾಮೂಲಿ ಫಾರ್ಮ್ ಕಳಿಸುವಾಗ ಬ್ರೌಸರ್ ಪ್ರತಿ ಬೈಟ್ ಅನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರ ಮಾಡುತ್ತದೆ. ಅಲ್ಲಿಗೆ ಒಂದು ಸಂಕೇತ 9 ಬೈಟ್ ಆಯಿತು. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರದ ವಿರಾಮ ಸೇರಿ 5 ಸಂಕೇತ, ಹೊರಡುವಾಗ 45 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7. ರಿಕ್ವೆಸ್ಟ್‌ನ ಒಡಲನ್ನು (ಫಾರ್ಮ್‌ನಲ್ಲಿ ಬರೆದದ್ದು ಇರುವ ಭಾಗವನ್ನು) ಎಂಜಿನ್‌ಎಕ್ಸ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ 64 ಬಿಟ್ ಯಂತ್ರದಲ್ಲಿ, ನಾವಾಗಿ ಬದಲಿಸದಿದ್ದರೆ, 16 ಕಿಲೋಬೈಟ್. 16,384 ಅನ್ನು 9ರಿಂದ ಭಾಗಿಸಿದರೆ 1,820. ಎಂಜಿನ್‌ಎಕ್ಸ್ ಸ್ವಲ್ಪ ಸಡಿಲ ಕೊಡುತ್ತದೆ, ಆದರೂ ಎರಡು ಸಾವಿರ ಸಂಕೇತದ ಆಸುಪಾಸಿಗೆ ಕನ್ನಡ ಪತ್ರ ಬಫರ್ ತುಂಬಿಸುತ್ತದೆ. ಮನಸ್ಸಿಟ್ಟು ಬರೆಯುವವರಿಗೆ ಅದು ಏನೂ ಅಲ್ಲ.

ಬಫರ್ ಮೀರಿದರೆ ಎಂಜಿನ್‌ಎಕ್ಸ್ ಒಡಲನ್ನು ತಾತ್ಕಾಲಿಕ ಫೈಲ್‌ಗೆ ಬರೆಯುತ್ತದೆ. ಆಗ ಫಾರ್ಮ್‌ನ ಮೌಲ್ಯಗಳನ್ನು ಕೇಳಿದರೆ ಲುವಾಗೆ ನಿಲ್ (ಏನೂ ಇಲ್ಲ) ಸಿಗುತ್ತದೆ, ಜೊತೆಗೆ ಎರಡನೆಯ ಮೌಲ್ಯವಾಗಿ ಕಾರಣವೂ ಬರುತ್ತದೆ. ಸ್ಕ್ರಿಪ್ಟ್ ಆ ಎರಡನೆಯದನ್ನು ತೆಗೆದುಕೊಂಡೇ ಇರಲಿಲ್ಲ. ನಿಲ್ ಬಂದರೆ ಖಾಲಿ ಎಂದುಕೊಂಡು ಧನ್ಯವಾದ ಹೇಳಿ ಕಳಿಸುತ್ತಿತ್ತು. ಒಡಲು ಫೈಲ್‌ಗೆ ಹೋಯಿತು ಎಂದು ಎಂಜಿನ್‌ಎಕ್ಸ್ ಎರರ್ ಲಾಗ್‌ನಲ್ಲಿ ಬರೆಯುತ್ತದೆ, ಆದರೆ ವಾರ್ನ್ ಮಟ್ಟದಲ್ಲಿ. ನಮ್ಮ ಲಾಗ್ ಎರರ್ ಮಟ್ಟದಲ್ಲಿ ನಿಂತಿತ್ತು. ಒಂದು ಹಂತ ಇಳಿಸಿದ್ದೇ ತಡ, ಆ ಸಾಲುಗಳು ಸಾಲುಗಟ್ಟಿ ಬಂದವು.

ಆ ಒಂದು ಲೊಕೇಶನ್‌ಗೆ ಮಾತ್ರ ಬಫರ್ ಅನ್ನು 128 ಕಿಲೋಬೈಟ್ ಮಾಡಿದೆ. ಎಲ್ಲ ಕಡೆ ಏರಿಸಿದರೆ ಮೆಮೊರಿ ಸುಮ್ನೆ ಹೋಗುತ್ತದೆ. ಅದನ್ನೂ ಮೀರಿದರೆ ಸ್ಕ್ರಿಪ್ಟ್ ಫೈಲ್‌ನ ಹೆಸರು ಕೇಳಿ ಅಲ್ಲಿಂದ ಓದುತ್ತದೆ. ಉಳಿಸಲು ಆಗದಿದ್ದರೆ ಧನ್ಯವಾದ ಹೇಳುವುದಿಲ್ಲ, ಪತ್ರ ತಲುಪಲಿಲ್ಲ ಎಂದು ನೇರವಾಗಿ ಹೇಳುತ್ತದೆ. ಬರೆದದ್ದನ್ನು ಬ್ರೌಸರ್‌ನಲ್ಲೇ ಹಾಗೇ ಬಿಡುತ್ತದೆ.

ಹಿಂದೆ ಹೋದ ಪತ್ರಗಳು ಸಿಗಲಿಲ್ಲ. ಆ ತಾತ್ಕಾಲಿಕ ಫೈಲ್‌ಗಳು ರಿಕ್ವೆಸ್ಟ್ ಮುಗಿದ ಕೂಡಲೇ ಅಳಿಸಿಹೋಗುತ್ತವೆ. ಲಾಗಿನ್ ಆಗಿ ಕಳಿಸಿದವರು ಯಾರೆಂದು ಲಾಗ್‌ನಿಂದ ತಿಳಿಯಿತು. ಆ ಪಟ್ಟಿಯನ್ನು ಮೇಡಂಗೆ ಕೊಟ್ಟೆ. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದರು, ಮತ್ತೆ ಬರೆಯಿರಿ ಎಂದು ಕೋರಿದರು.