ಒಂದೇ ಫೋನ್ ಲೈನಿನಲ್ಲಿ ಫ್ಯಾಕ್ಸೂ ಡೇಟಾ ಕರೆಯೂ: ಮೋಡೆಮ್‌ಗೆ ತಂತ್ರಾಂಶ ಹೊಂದಿಸುವುದು ಹೇಗೆ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಬಳಿ ಪರಿಚಿತರೊಬ್ಬರ ಕಾಫಿ ವ್ಯಾಪಾರದ ಕಚೇರಿಯಿದೆ. ಹಗಲಿನಲ್ಲಿ ಅಲ್ಲಿಗೆ ಪಹಣಿ, ತೂಕದ ಚೀಟಿಗಳು ಫ್ಯಾಕ್ಸ್ ಮೂಲಕ ಬರುತ್ತವೆ. ರಾತ್ರಿ, ಮೊಬೈಲ್ ಸಿಗ್ನಲ್ ಸಿಗದ ತೋಟದ ಕಂಪ್ಯೂಟರ್ ಅದೇ ಸ್ಥಿರ ದೂರವಾಣಿಗೆ ಕರೆ ಮಾಡಿ ಮಳೆಯ ಹಾಗೂ ಆಳುಗಳ ಲೆಕ್ಕ ಒಪ್ಪಿಸುತ್ತದೆ. ಇದಕ್ಕೆ ಎರಡು ಲೈನ್ ಬೇಕಿಲ್ಲ. ಬಂದ ಕರೆ ಯಾವ ಬಗೆಯದೆಂದು ನೋಡಿ ಅದಕ್ಕೆ ತಕ್ಕ ದಾರಿ ತೋರಿಸುವ ತಂತ್ರಾಂಶವಿದ್ದರೆ ಸಾಕು. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಗೆರ್ಟ್ ಡೋರಿಂಗ್ ಬರೆದ ಉಚಿತ ತಂತ್ರಾಂಶ ‘ಎಂಗೆಟ್ಟಿ’ ಮಾಡುತ್ತದೆ.

ಮೊದಲು ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನವಾದ ಮೋಡೆಮ್ ಪರೀಕ್ಷಿಸಬೇಕು. ಮೋಡೆಮ್‌ಗೆ ನೇರವಾಗಿ ಆದೇಶ ಕೊಡಲು ನೆರವಾಗುವ ‘ಮಿನಿಕಾಮ್’ ತಂತ್ರಾಂಶ ತೆರೆದು ‘ಎಟಿ+ಎಫ್‌ಕ್ಲಾಸ್=?’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಉತ್ತರವಾಗಿ ಕೆಲವು ಅಂಕಿಗಳು ಬರುತ್ತವೆ. ಅದರಲ್ಲಿ 0 ಎಂದರೆ ಡೇಟಾ. 1, 2, 2.0 ಎಂದರೆ ಫ್ಯಾಕ್ಸಿನ ವರ್ಗಗಳು. ವರ್ಗ 1ರಲ್ಲಿ ಫ್ಯಾಕ್ಸ್ ಸಂವಾದದ ಹೊರೆಯನ್ನೆಲ್ಲ ಕಂಪ್ಯೂಟರೇ ಹೊರಬೇಕಾಗುತ್ತದೆ, ಕ್ಷಣ ತಡವಾದರೂ ಪುಟ ಕೆಡುತ್ತದೆ. ವರ್ಗ 2 ಮತ್ತು 2.0ರಲ್ಲಿ ಅದರ ಬಹುಪಾಲನ್ನು ಮೋಡೆಮ್ ನೋಡಿಕೊಳ್ಳುವುದರಿಂದ ಅಂಥ ಮೋಡೆಮನ್ನೇ ಆರಿಸಿಕೊಳ್ಳುವುದು ಲೇಸು. ಕೇವಲ 0 ಬಂದರೆ ಆ ಮೋಡೆಮ್‌ನಿಂದ ಫ್ಯಾಕ್ಸ್ ಆಗದು.

ಎಂಗೆಟ್ಟಿಯ ಸಂರಚನಾ ಕಡತದಲ್ಲಿ ಮೋಡೆಮ್ ಇರುವ ಪೋರ್ಟ್ ಹೆಸರಿನ ಕೆಳಗೆ ಮೋಡೆಮ್‌ನ ವರ್ಗ, ನಿಮ್ಮ ಫ್ಯಾಕ್ಸ್ ಸಂಖ್ಯೆ ಹಾಗೂ ಎಷ್ಟು ರಿಂಗ್ ಆದ ಮೇಲೆ ಕರೆ ಎತ್ತಬೇಕೆಂಬುದನ್ನು ಬರೆಯಿರಿ. ಎರಡು ರಿಂಗ್ ಸಾಕು. ತೀರಾ ಕಾಯಿಸಿದರೆ ಕಳುಹಿಸುವ ಯಂತ್ರವೇ ಕರೆ ಕೈಬಿಡಬಹುದು. ‘ಫ್ಯಾಕ್ಸ್ ಮಾತ್ರ’, ‘ಡೇಟಾ ಮಾತ್ರ’ ಎಂಬ ಎರಡು ಆಯ್ಕೆಗಳನ್ನೂ ‘ಇಲ್ಲ’ ಎಂದೇ ಬಿಡಬೇಕು. ಪ್ರತಿ ಕರೆ ಮುಗಿದ ಮೇಲೆ ಎಂಗೆಟ್ಟಿ ತಾನಾಗಿ ನಿಲ್ಲುತ್ತದೆ. ಅದನ್ನು ಮತ್ತೆ ಎಬ್ಬಿಸುವ ಏರ್ಪಾಡನ್ನು ಲಿನಕ್ಸ್‌ನ ಸೇವೆಗಳನ್ನು ನಡೆಸುವ ‘ಸಿಸ್ಟಮ್‌ಡಿ’ಯಲ್ಲಿ ಮಾಡದಿದ್ದರೆ ಮೊದಲ ಕರೆ ಸರಿಯಾಗಿ ಬಂದು ಎರಡನೆಯದು ಬರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಇನ್ನು ಕರೆಯ ಗುರುತು. ಸ್ವಯಂಚಾಲಿತವಾಗಿ ಡಯಲ್ ಮಾಡುವ ಫ್ಯಾಕ್ಸ್ ಯಂತ್ರ 1100 ಹರ್ಟ್ಸ್‌ನ ಸ್ವರವನ್ನು ಮೂರು ಸೆಕೆಂಡ್ ಬಿಟ್ಟು ಮೂರು ಸೆಕೆಂಡಿಗೆ ಅರ್ಧ ಸೆಕೆಂಡ್ ಕಾಲ ಕೂಗುತ್ತದೆ. ರಿಸೀವರ್ ಎತ್ತಿದರೆ ಕಿವಿಗೇ ಕೇಳುತ್ತದೆ. ಅತ್ತಲಿನದು ಫ್ಯಾಕ್ಸ್ ಎಂದು ಮೋಡೆಮ್ ತಿಳಿಸಿದರೆ ಎಂಗೆಟ್ಟಿ ಪುಟವನ್ನು ಕಡತವಾಗಿ ಉಳಿಸುತ್ತದೆ, ಡೇಟಾ ಎಂದರೆ ಲಾಗಿನ್ ಕೇಳುತ್ತದೆ. ಈ ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದಾದ್ದರಿಂದ ಗಟ್ಟಿಯಾದ ಪಾಸ್‌ವರ್ಡ್ ಇಡುವುದನ್ನು ಮರೆಯಬಾರದು.

ಕಳುಹಿಸಲು ‘ಫ್ಯಾಕ್ಸ್‌ಸ್ಪೂಲ್’ ಆದೇಶಕ್ಕೆ ಸಂಖ್ಯೆಯನ್ನೂ ಕಡತದ ಹೆಸರನ್ನೂ ಕೊಟ್ಟರೆ ಪುಟ ಸರದಿಗೆ ಸೇರುತ್ತದೆ. ಗುಣಮಟ್ಟದ ವಿಷಯದಲ್ಲಿ ಜಿಪುಣತನ ಬೇಡ. ಸಾಮಾನ್ಯ ಫ್ಯಾಕ್ಸಿನಲ್ಲಿ ಲಂಬವಾಗಿ ಇಂಚಿಗೆ 98 ಗೆರೆ, ‘ಫೈನ್’ನಲ್ಲಿ 196. ಸಾಮಾನ್ಯ ಗುಣಮಟ್ಟದಲ್ಲಿ ಬಂದ ಪಹಣಿಯೊಂದರ ಸರ್ವೆ ನಂಬರಿನಲ್ಲಿ 3 ಯಾವುದು, 8 ಯಾವುದು ಎಂದು ಆ ಕಚೇರಿಯಲ್ಲಿ ಅರ್ಧ ದಿನ ಚರ್ಚೆ ನಡೆದಿತ್ತು.

ಲೈನ್ ಫೈಬರ್ ಮೂಲಕ ಬಂದಿದ್ದರೆ ಧ್ವನಿ ಪ್ಯಾಕೆಟ್‌ಗಳಾಗಿ ಸಾಗುವುದರಿಂದ ಫ್ಯಾಕ್ಸ್ ನಡುವೆಯೇ ಕಡಿದುಹೋಗಬಹುದು. ಆಗ ವೇಗವನ್ನು ಸೆಕೆಂಡಿಗೆ 14,400 ಬಿಟ್‌ನಿಂದ 9,600ಕ್ಕೆ ಇಳಿಸಿ ನೋಡಬೇಕು. ತಾಮ್ರದ ತಂತಿಯಾದರೆ ಭಯ ಸಿಡಿಲಿನದು. ಕಾಫಿ ಗಿಡ ಹೂಬಿಡುವಂತೆ ಮಾಡುವ ಹೂಮಳೆಯ ಹೊತ್ತಿಗೆ ಬಡಿದ ಒಂದು ಸಿಡಿಲಿಗೆ ಅಲ್ಲಿ ಮೋಡೆಮ್ ಸುಟ್ಟಿತ್ತು. ವಿದ್ಯುತ್ ಪ್ಲಗ್ ತೆಗೆದಿದ್ದರು, ಆದರೆ ಫೋನ್ ತಂತಿ ಹಾಗೇ ಇತ್ತು. ಕಾರ್ಮೋಡ ಕವಿಯುತ್ತಿದ್ದಂತೆ ಎರಡನ್ನೂ ಕಳಚಿಡಿ.