ಮಿಸ್ಡ್ ಕಾಲ್ ಕೊಟ್ಟು ಕಂಡುಕೊಂಡಿದ್ದು

ವಿರಾಜಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರು. 'ಈ ಮಕ್ಕಳಿಗೆ ಯಾವುದರಲ್ಲೂ ಮನಸ್ಸು ನಿಲ್ಲಲ್ಲ' ಅನ್ನೋದು ಸ್ಟಾಫ್ ರೂಮಿನ ದಿನದ ಮಾತು. ಹಾಕಿ ಮೈದಾನದಲ್ಲಿ ಅದೇ ಮಕ್ಕಳಿಗೆ ಊಟದ ಬೆಲ್ಲೂ ಕೇಳಿಸುವುದಿಲ್ಲ. ಹಾಗಾದರೆ ಮನಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ನೋಡಲು ಹೊರಟೆ.

ದಾರಿ ನನ್ನದಲ್ಲ. ಇಂಥ ಮೈಮರೆವಿಗೆ 'ಫ್ಲೋ' ಅಂತ ಹೆಸರಿಟ್ಟ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಷಿಕಾಗೊದ ಹದಿಹರೆಯದವರಿಗೆ ಪೇಜರ್ ಕೊಟ್ಟಿದ್ದರು. ಅದು ಯಾವಾಗಲೋ ಬೀಪ್ ಅಂದಾಗ, ಏನು ಮಾಡುತ್ತಿದ್ದೆ, ಹೇಗನಿಸುತ್ತಿದೆ ಅಂತ ಅಲ್ಲೇ ಬರೆಯಬೇಕು. ಆಮೇಲೆ ಕೇಳಿದರೆ ಮರೆತಿರುತ್ತಾರೆ, ಅಲ್ವಾ?

ನಾನು ಮನೆಯವರನ್ನು ಒಪ್ಪಿಸಿ ಅಮ್ಮಂದಿರ ಫೋನಿಗೆ ಮಿಸ್ಡ್ ಕಾಲ್ ಕೊಟ್ಟೆ. ಮಳೆಗಾಲ ಕಳೆದ ಮೇಲೆ ಅನ್ನಿ. ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಹೋಗುತ್ತದೆ. ಕೆಲಸ ಎಷ್ಟು ಕಷ್ಟ, ನಿನಗೆ ಎಷ್ಟು ಬರುತ್ತೆ ಅಂತ ಐದಕ್ಕೆ ಅಂಕ ಹಾಕಬೇಕು.

ಟಿ.ವಿ. ಮುಂದಿದ್ದವನು ಬರೆದ: 'ಕಷ್ಟ 1, ಬರೋದು 5, ಸುಮ್ನೆ.' ಹುತ್ತರಿ ಕೋಲಾಟ ಅಭ್ಯಾಸ ಮಾಡುತ್ತಿದ್ದವನು: 'ಕಷ್ಟ 4, ಬರೋದು 4. ಫೋನ್ ಬಂದಿದ್ದಕ್ಕೆ ಸಿಟ್ಟು ಬಂತು.' ಒಬ್ಬ ಹುಡುಗಿಗೆ ಬೀಜಗಣಿತದಲ್ಲಿ 'ಕಷ್ಟ 5, ಬರೋದು 1, ಹೊಟ್ಟೆನೋವು'. ಕಂಪಾಸು ಹಿಡಿದು ತ್ರಿಭುಜ ರಚಿಸುವಾಗ ಅವಳೇ 4, 3 ಹಾಕಿ 'ಟೈಮ್ ಗೊತ್ತಾಗ್ಲಿಲ್ಲ' ಅಂದಿದ್ದಳು. ಎರಡೂ ಗಣಿತವೇ. ಕಷ್ಟ ಅವಳ ಕೈಗಿಂತ ತುಸು ಮೇಲಿತ್ತು, ಗೆರೆ ತಪ್ಪಿದರೆ ತಕ್ಷಣ ಕಾಣುತ್ತಿತ್ತು.

ಮೊಬೈಲ್ ಗೇಮಿಗೂ ಜಾಸ್ತಿ ಅಂಕ ಬಿತ್ತು, ಮುಚ್ಚಿಡಲ್ಲ. (ಆ ಗೇಮು ಕಟ್ಟಾಗಿದ್ದೂ ನನ್ನ ಕಾಲ್‌ನಿಂದಲೇ.) ಕೈ ಕುದುರಿದ ಕೂಡಲೇ ಅದು ಲೆವೆಲ್ ಏರಿಸುತ್ತದೆ.

ಅದನ್ನೇ ಮೈದಾನಕ್ಕೆ ತಂದೆ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ತಮ್ಮ ಮನೆತನಕ್ಕೆ ಆಡುವ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಅಷ್ಟು ದೂರದ ಗುರಿ ಇವತ್ತಿನ ಸಂಜೆಯನ್ನು ಹಿಡಿದಿಡಲ್ಲ. ಎರಡು ಕೋನ್ ಇಟ್ಟು ನಡುವೆ ಚೆಂಡು ಪುಶ್ ಮಾಡಬೇಕು. ಹತ್ತರಲ್ಲಿ ಎಂಟು ದಾಟಿದರೆ ಕೋನ್‌ಗಳನ್ನು ಒಂದು ಚೆಂಡಿನಗಲ ಹತ್ತಿರ ಸರಿಸಬೇಕು. ಐದೂ ದಾಟದಿದ್ದರೆ ಅಷ್ಟೇ ದೂರ ಸರಿಸಬೇಕು. ಸರಿಸುವವರು ಮಕ್ಕಳೇ. ನಡುವೆ ನಾನು ಸೀಟಿ ಊದುವುದಿಲ್ಲ, ಬುದ್ಧಿಮಾತು ಏನಿದ್ದರೂ ಕೊನೆಗೆ.

ಗಣಿತದ ಮೇಷ್ಟ್ರು ಈಗ ಹೋಂವರ್ಕನ್ನು ಮೂರು ಹಂತದಲ್ಲಿ ಕೊಟ್ಟು ಮಕ್ಕಳಿಗೇ ಆರಿಸಲು ಬಿಡುತ್ತಾರೆ. ಎಲ್ಲರೂ ಸುಲಭದ್ದನ್ನೇ ಹಿಡಿಯುತ್ತಾರೆ ಅಂತ ಅವರಿಗೆ ಅನುಮಾನವಿತ್ತು. ಕೆಲವರು ಹಿಡಿದರು ಕೂಡ. ಸ್ವಲ್ಪ ದಿನಕ್ಕೆ ಬೇಜಾರಾಗಿ ತಾವೇ ಎರಡನೇ ಹಂತ ಕೇಳಿದರು.