ನೀಲಿ ಜೇಡ ಹುಡುಕಿಕೊಂಡು ಹೋದಾಗ

ನನಗೆ ಸಾಕಲು ಬೇಕಿದ್ದದ್ದು ಗುತ್ತಿಯ ನೀಲಿ ಜೇಡ. ನಾನು ಬಳ್ಳಾರಿಯವಳು. ಗುಂತಕಲ್ ದಾಟಿದರೆ ಗುತ್ತಿ. ನಮಗೆ ಗುತ್ತಿ ಅಂದರೆ ಬೆಟ್ಟದ ಮೇಲಿನ ಕೋಟೆ, ರೈಲ್ವೆ ಎಂಜಿನ್ ಶೆಡ್ಡು, ಅಷ್ಟೇ. ಪ್ರಪಂಚದ ಅತಿ ಸುಂದರ ಟರಾಂಟುಲಾಗಳಲ್ಲಿ (ಮೈತುಂಬ ಕೂದಲಿರುವ ದೊಡ್ಡ ಜೇಡಗಳಲ್ಲಿ) ಒಂದಕ್ಕೆ ಆ ಊರಿನ ಹೆಸರಿದೆ ಅಂತ ಗೊತ್ತಾಗಿದ್ದು ನಾನು ಟೆಕ್ಸಾಸ್‌ಗೆ ಬಂದ ಮೇಲೆ.

ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ ಒಂದು ಹೆಣ್ಣು ಜೇಡ ಸಿಕ್ಕಿತ್ತು. ಅದನ್ನು ನೋಡಿ ಪೊಕಾಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1899ರಲ್ಲಿ ಪೊಯ್ಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಆಮೇಲೆ ಸುಮಾರು ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ಮತ್ತೆ ಕಂಡಿದ್ದು ಗುತ್ತಿಯಲ್ಲಲ್ಲ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಆಚೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಗುತ್ತಿಯಲ್ಲಿ ಸಿಕ್ಕಿದ್ದು ಬಹುಶಃ ಮರದ ದಿಮ್ಮಿ ಜೊತೆ ಗೂಡ್ಸ್ ಗಾಡಿಯಲ್ಲಿ ಬಂದಿಳಿದ ಜೇಡ. ಈ ಕತೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಜೇಡ, ನಮ್ಮ ಕಡೆಯ ರೈಲು. ಸಾಕಿದರೆ ಇದನ್ನೇ ಸಾಕಬೇಕು ಅಂದುಕೊಂಡೆ.

ಆದರೂ ತರಲಿಲ್ಲ. ಅದು ಮರದ ಪೊಟರೆಯಲ್ಲಿ ಇರುವ ಜೇಡ. ಓಡಿದರೆ ಕಣ್ಣಿಗೆ ಸಿಗುವುದಿಲ್ಲ. ಕಚ್ಚಿದರೆ ಜೋರು ನೋವು, ಮಾಂಸಖಂಡ ಹಿಡಿದುಕೊಳ್ಳುವುದು, ಕೆಲವೊಮ್ಮೆ ದಿನಗಟ್ಟಲೆ. ಮೊದಲ ಸಲ ಸಾಕುವವರ ಕೈಗೆ ತಕ್ಕದ್ದಲ್ಲ. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. 2008ರಲ್ಲೇ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ್ದರು. ಅದು ಉಳಿದಿರುವ ಕಾಡು ತುಂಬಾ ಚಿಕ್ಕದು, ಅದನ್ನೂ ಕಡಿಯುತ್ತಿದ್ದಾರೆ. ಇಲ್ಲಿ ಮಾರುವುದು ಸಾಕಿದ ಜೇಡಗಳಿಗೆ ಇಲ್ಲೇ ಹುಟ್ಟಿದ ಮರಿಗಳನ್ನು, ನಿಜ. ಆದರೆ ಅವುಗಳ ಮುತ್ತಜ್ಜಿ ಆ ಕಾಡಿನಿಂದ ಯಾರ ಜೇಬಿನಲ್ಲಿ ಹೊರಟು ಬಂದಳು? ಈ ಪ್ರಶ್ನೆ ಇಟ್ಟುಕೊಂಡು ಅದನ್ನು ಮನೆಗೆ ತರಲು ನನಗೆ ಮನಸ್ಸಾಗಲಿಲ್ಲ.

ಆದರೆ ನೀಲಿಯ ಆಸೆ ಹೋಗಲಿಲ್ಲ. ಬೇರೆ ನೀಲಿಗಳನ್ನು ನೋಡುತ್ತಾ ಹೋದೆ. ಮ್ಯಾನ್ಮಾರ್, ಥಾಯ್ಲೆಂಡ್ ಕಡೆಯ ಕೋಬಾಲ್ಟ್ ಬ್ಲೂ ಹೆಸರಿಗೆ ತಕ್ಕ ಹಾಗೆ ಇದೆ. ಆದರೆ ಅದು ಬಿಲ ತೋಡಿ ಒಳಗೆ ಸೇರಿದರೆ ತಿಂಗಳುಗಟ್ಟಲೆ ಮಣ್ಣು ಮಾತ್ರ ಕಾಣುತ್ತದೆ. ಮಾರ್ಟಿನಿಕ್ ದ್ವೀಪದ ವರ್ಸಿಕಲರ್ ಮರಿ ಎಷ್ಟು ನೀಲಿ ಅಂದರೆ ಮುಟ್ಟಬೇಕು ಅನ್ನಿಸುತ್ತದೆ, ಆದರೆ ಬೆಳೆಯುತ್ತಾ ಆ ನೀಲಿ ಹೋಗಿ ಹಸಿರು, ಕೆಂಪು, ನೇರಳೆ ಬರುತ್ತದೆ. ಥಾಯ್ಲೆಂಡಿನ ಮ್ಯಾಂಗ್ರೋವ್ ಕಾಡಿನ ನೀಲಿ ಜೇಡಕ್ಕೆ 2023ರಲ್ಲಿ ಹೊಸ ಪ್ರಭೇದ ಎಂದು ಹೆಸರಿಟ್ಟರು. ಇಂಥ ಹೊಸ ಜೇಡ ಮಾರಾಟಕ್ಕೆ ಬಂದರೆ ಕಾಡಿನಿಂದ ಹಿಡಿದು ತಂದಿರುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಅತ್ತ ಹೋಗಲಿಲ್ಲ.

ಕೊನೆಗೆ ಮನಸ್ಸು ನಿಂತಿದ್ದು ಗ್ರೀನ್ ಬಾಟಲ್ ಬ್ಲೂ ಮೇಲೆ. ಸಾಕುವವರು ಜಿಬಿಬಿ ಅಂತಾರೆ. ವೆನೆಜುವೆಲಾದ ಪರಾಗ್ವಾನಾ ಎಂಬ ಒಣ ಪ್ರದೇಶದ್ದು. ಪಾಪಾಸುಕಳ್ಳಿ, ಮುಳ್ಳುಗಿಡ, ಬಿಸಿಲು. ಫೋಟೋ ನೋಡಿದಾಗ ಬಳ್ಳಾರಿ ಗುಡ್ಡಗಳೇ ನೆನಪಾದವು. ಕಾಲು ಕಡು ನೀಲಿ, ಬೆನ್ನಿನ ಚಿಪ್ಪು ಹಸಿರು ಬೆರೆತ ನೀಲಿ, ಹೊಟ್ಟೆ ಬೆಂಕಿಯಂಥ ಕಿತ್ತಳೆ. ಬಣ್ಣದಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಇದು ಅಡಗಿ ಕೂರುವ ಜೇಡವಲ್ಲ. ಬಲೆ ಹೆಣೆದು ಅದರ ಮೇಲೆಯೇ ಕೂರುತ್ತದೆ. ಬಣ್ಣಕ್ಕಾಗಿ ತಂದ ಜೇಡ ಕಣ್ಣಿಗೆ ಕಾಣಬೇಕು ಅಲ್ವಾ?

ಈ ನೀಲಿ ಬಣ್ಣವನ್ನು ಅರ್ಥ ಮಾಡಿಕೊಂಡರೆ ಅರ್ಧ ಮೋಸ ತಪ್ಪುತ್ತದೆ. ಅದು ಹಚ್ಚಿದ ಬಣ್ಣದಂಥದ್ದಲ್ಲ. ಕೂದಲೊಳಗಿನ ತುಂಬಾ ಸೂಕ್ಷ್ಮ ರಚನೆ ಬೆಳಕಿನಲ್ಲಿ ನೀಲಿಯನ್ನು ಮಾತ್ರ ವಾಪಸ್ ಕಳಿಸುತ್ತದೆ. ನವಿಲುಗರಿಯದೂ ಇದೇ ಬಗೆ. ಆದರೆ ನವಿಲುಗರಿ ತಿರುಗಿಸಿದರೆ ಬಣ್ಣ ಬದಲಾಗುತ್ತದೆ, ಟರಾಂಟುಲಾದ ನೀಲಿ ಯಾವ ಕಡೆಯಿಂದ ನೋಡಿದರೂ ಹೆಚ್ಚು ಬದಲಾಗುವುದಿಲ್ಲ. ಟರಾಂಟುಲಾಗಳಲ್ಲಿ ಈ ನೀಲಿ ಕನಿಷ್ಠ 8 ಸಲ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಅಂತ 2015ರಲ್ಲಿ ಒಂದು ಅಧ್ಯಯನ ತೋರಿಸಿತು. ನಮಗೆ ಬೇಕಾದ ಪಾಠ ಇಷ್ಟು: ಬೆಳಕಿಲ್ಲದಿದ್ದರೆ ಈ ಜೇಡ ಕಪ್ಪಾಗಿಯೇ ಕಾಣುತ್ತದೆ. ಮಾರಾಟದ ಫೋಟೋ ತೆಗೆಯುವುದು ಫ್ಲ್ಯಾಶ್ ಹಾಕಿ, ಅದೂ ಜೇಡ ಪೊರೆ ಬಿಟ್ಟ ಹೊಸದರಲ್ಲಿ. ನಾನು ಮಾರುವವರ ಹತ್ತಿರ ಕಿಟಕಿ ಬೆಳಕಿನಲ್ಲಿ ತೆಗೆದ ವಿಡಿಯೋ ಕೇಳುತ್ತಿದ್ದೆ. ಕೊಟ್ಟವರ ಹತ್ತಿರ ಮಾತ್ರ ಮಾತು ಮುಂದುವರಿಸಿದೆ.

ಮೊದಲ ಮರಿಗೆ 45 ಡಾಲರ್ ಕೊಟ್ಟೆ. ಚಿಕ್ಕ ಡಬ್ಬಿಯಲ್ಲಿ ಒದ್ದೆ ಕಾಗದದೊಳಗೆ ಸುತ್ತಿಕೊಂಡು ಬಂತು. ಕಡಲೆಕಾಳಿನಷ್ಟು ಮೈ. ನೀಲಿ ಎಲ್ಲಿದೆ? ತಿಳಿ ಗುಲಾಬಿ ಬೆನ್ನು, ಕಿತ್ತಳೆ ಹೊಟ್ಟೆ, ಅದರ ಮೇಲೆ ಹುಲಿಯ ಹಾಗೆ ಕಪ್ಪು ಪಟ್ಟೆ. ಇದು ಸಹಜ. ಒಂದೊಂದು ಪೊರೆ ಬಿಟ್ಟಾಗಲೂ ಪಟ್ಟೆ ಮಾಸುತ್ತಾ, ಕಾಲಿಗೆ ನೀಲಿ ಏರುತ್ತಾ ಹೋಗುತ್ತದೆ. ಆ ಬದಲಾವಣೆ ನೋಡುವುದೇ ನನಗೆ ದೊಡ್ಡ ಖುಷಿಯಾಯಿತು.

ಒಂದು ತಪ್ಪಾಯಿತು. ಮಾರಿದವರು ಕೊಟ್ಟ ಚೀಟಿಯಲ್ಲಿ ದಿನಾ ನೀರು ಚಿಮುಕಿಸಿ ಎಂದು ಬರೆದಿತ್ತು. ನಾನು ಹಾಗೇ ಮಾಡಿದೆ. ಮರಿ ನೆಲಕ್ಕೆ ಇಳಿಯಲೇ ಇಲ್ಲ, ಮುಚ್ಚಳಕ್ಕೆ ಅಂಟಿಕೊಂಡೇ ಇತ್ತು. ಒಣ ನಾಡಿನ ಜೇಡ ಒದ್ದೆ ನೆಲ ಇಷ್ಟಪಡುವುದಿಲ್ಲ. ಡಬ್ಬಿಯ ತಳಕ್ಕೆ ಹಾಸಿದ್ದ ತೆಂಗಿನ ನಾರಿನ ಪುಡಿ ಪೂರ್ತಿ ಒಣಗಲು ಬಿಟ್ಟು, ಒಂದು ಮೂಲೆಯಲ್ಲಿ ಮಾತ್ರ ಹನಿ ನೀರು ಹಾಕಿದೆ. ಎರಡೇ ದಿನಕ್ಕೆ ಕೆಳಗಿಳಿಯಿತು. ಕಡ್ಡಿ, ಮರದ ತೊಗಟೆ ಇಟ್ಟ ಮೇಲೆ ವಾರದೊಳಗೆ ಡಬ್ಬಿ ತುಂಬಾ ಬಲೆ. ಊಟ ವಾರಕ್ಕೊಮ್ಮೆ, ಅದರ ಹೊಟ್ಟೆಗಿಂತ ಚಿಕ್ಕ ಕ್ರಿಕೆಟ್ ಹುಳು.

ಎರಡೂವರೆ ವರ್ಷಕ್ಕೆ ಅದು ಕೊನೆಯ ಪೊರೆ ಬಿಟ್ಟಿತು. ಬಾಯಿಯ ಪಕ್ಕದ ಚಿಕ್ಕ ಕಾಲುಗಳ ತುದಿ ಗುಂಡಗೆ ಉಬ್ಬಿತ್ತು, ಮುಂಗಾಲಿನಲ್ಲಿ ಕೊಕ್ಕೆ ಬಂದಿತ್ತು. ಗಂಡು. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಊಟ ಕಡಿಮೆಯಾಯಿತು. ರಾತ್ರಿಯೆಲ್ಲ ಗಾಜಿನ ಗೋಡೆಗುಂಟ ನಡೆಯುತ್ತಿತ್ತು, ಹೆಣ್ಣು ಹುಡುಕಿಕೊಂಡು. ಟೆಕ್ಸಾಸ್‌ನ ರಸ್ತೆಗಳಲ್ಲೂ ಇಲ್ಲಿನ ಕಂದು ಟರಾಂಟುಲಾ ಗಂಡುಗಳು ಹಾಗೇ ಅಲೆಯುವುದನ್ನು ನೋಡಿದ್ದೇನೆ. ನನ್ನದು ಎಂಟು ತಿಂಗಳಿಗೆ ಹೋಯಿತು. ಆ ಗಾಜಿನ ಪೆಟ್ಟಿಗೆಯನ್ನು ಖಾಲಿ ಮಾಡಲು ನನಗೆ ಬಹಳ ದಿನ ಬೇಕಾಯಿತು.

ಎರಡನೇ ಸಲ ಹೆಣ್ಣೇ ಬೇಕು ಅಂದೆ. ಹೆಣ್ಣು 12ರಿಂದ 15 ವರ್ಷ ಬದುಕುತ್ತದೆ. ಬೆಲೆ ಮೂರು ಪಟ್ಟು. ಮಾತಿನ ಮೇಲೆ ನಂಬದೆ ಅದು ಬಿಟ್ಟ ಪೊರೆಯನ್ನೂ ಕಳಿಸಿ ಎಂದು ಕೇಳಿದೆ. ಒಣ ಪೊರೆಯನ್ನು ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ ನೆನೆಸಿ, ಹೊಟ್ಟೆಯ ಭಾಗವನ್ನು ನಿಧಾನವಾಗಿ ಬಿಡಿಸಬೇಕು. ಒಳಬದಿಯಲ್ಲಿ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ, ಅವು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಜೇಡದ ಶ್ವಾಸಕೋಶಗಳ ಗುರುತು. ಮೇಲಿನ ಎರಡರ ನಡುವೆ ವೀರ್ಯ ಕೂಡಿಡುವ ಚಿಕ್ಕ ಚೀಲ ಇದ್ದರೆ ಹೆಣ್ಣು. ಭೂತಗನ್ನಡಿಯಲ್ಲಿ ಅದು ಕಂಡಾಗ ನನ್ನ ಕೈ ನಡುಗಿತು. ಹೆಣ್ಣೇ ಆಗಿತ್ತು.

ಇದನ್ನು ಕೈ ಮೇಲೆ ಬಿಟ್ಟುಕೊಳ್ಳುವುದಿಲ್ಲ. ಹೆದರಿದರೆ ಹಿಂಗಾಲಿನಿಂದ ಹೊಟ್ಟೆಯ ಕೂದಲು ಉದುರಿಸಿ ಗಾಳಿಗೆ ತೂರುತ್ತದೆ. ಚರ್ಮಕ್ಕೆ ಬಿದ್ದರೆ ಕಂಬಳಿಹುಳು ತಾಗಿದ ಹಾಗೆ ತುರಿಕೆ, ಕಣ್ಣಿಗೆ ಹೋದರೆ ಅಪಾಯ. ಅದೂ ಅಲ್ಲದೆ ಕೂದಲು ಉದುರಿದ ಜಾಗ ಬೋಳಾಗಿ, ಕಿತ್ತಳೆ ಹೋಗಿ ಒಂದು ಕಲೆ ಉಳಿಯುತ್ತದೆ. ಸುಮ್ನೆ ಇರಲು ಬಿಟ್ಟರೇನೇ ಬಣ್ಣ ಚೆನ್ನಾಗಿರುತ್ತದೆ.

ಕಳೆದ ತಿಂಗಳು ಅದು ಊಟ ಬಿಟ್ಟಿತು. ನೀಲಿ ಮಂಕಾಗಿ ಬೂದಿ ಬಣ್ಣ ಬಂತು. ಕ್ರಿಕೆಟ್ ಹುಳು ಯಾವುದೂ ಒಳಗಿಲ್ಲ ಎಂದು ಎರಡು ಸಲ ನೋಡಿದೆ. ಪೊರೆ ಬಿಡುವಾಗ ಮೈ ಮೆತ್ತಗಿರುತ್ತದೆ, ಆಗ ಹುಳುವೇ ಅದನ್ನು ಕಡಿಯಬಹುದು. ಒಂದು ರಾತ್ರಿ ಬಲೆಯ ಮೇಲೆ ಅಂಗಾತ ಮಲಗಿತು. ಗೊತ್ತಿಲ್ಲದವರು ಸತ್ತಿದೆ ಅಂದುಕೊಳ್ಳುತ್ತಾರೆ. ಮುಟ್ಟಬಾರದು. ನಾನು ದೀಪ ಆರಿಸಿ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಕಾಲುಗಳು ನಿಧಾನವಾಗಿ, ಕೈಗವಸಿನಿಂದ ಬೆರಳು ಎಳೆದಂತೆ, ಹಳೆಯ ಚರ್ಮದಿಂದ ಹೊರಬಂದವು. ಬೆಳಗ್ಗೆ ಏಳೂವರೆಗೆ ಕಿಟಕಿಯ ಪರದೆ ಸರಿಸಿದೆ. ಬಿಸಿಲು ನೇರ ಕಾಲಿನ ಮೇಲೆ ಬಿತ್ತು. ಬಳ್ಳಾರಿಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ. ಜೇಡ ಕಂಡರೆ ಆಗದ ಅಮ್ಮ ಫೋನ್ ಹತ್ತಿರ ಹಿಡಿ ಅಂದಳು.